ತಳಪಾಯದಿಂದ ಕಟ್ಟಿದ ಚುಕ್ಕಿ ಗೋಪುರ

ಗೌಂಡಿ ಕೆಲಸದವನಿಗೆ ಇರುವ ಗರ್ವ ಬೇರೆ ಯಾವ ಕಸುಬಿನವರಿಗೂ ಇರಲು ಸಾಧ್ಯವಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ವಕೀಲರು ತಾವು ಗೆದ್ದ ದಾವೆಯನ್ನು ಬೆರಳು ಮಾಡಿ ತೋರಿಸಲಾರರು. ಡಾಕ್ಟರು ತಾವು ಇಳಿಸಿದ ಜ್ವರವನ್ನು ಬೀದಿಯಲ್ಲಿ ನಿಲ್ಲಿಸಿ 'ನೋಡಿ, ಇದು ನನ್ನ ಕೆಲಸ' ಎನ್ನಲಾರರು. ನಾನಾದರೆ ಹಾಗಲ್ಲ. ಬೈಲಹೊಂಗಲದ ಯಾವ ಓಣಿಯಲ್ಲಿ ಹೋದರೂ ಜೊತೆಗಿದ್ದವರಿಗೆ ಈ ಗೋಡೆ ನನ್ನದು, ಆ ಮಾಳಿಗೆ ನನ್ನದು, ಅಗೋ ಅಲ್ಲಿ ಸ್ವಲ್ಪ ವಾಲಿಕೊಂಡು ನಿಂತಿದೆಯಲ್ಲ, ಅದು ಮಾತ್ರ ನನ್ನದಲ್ಲ ಎಂದು ಹೇಳುತ್ತಲೇ ನಡೆಯುತ್ತೇನೆ. ಇದರಿಂದಾಗಿ ನನ್ನ ಜೊತೆ ಪೇಟೆಗೆ ಬರಲು ಯಾರೂ ಒಪ್ಪುವುದಿಲ್ಲ ಎಂಬುದು ಬೇರೆ ಮಾತು. ಆರನೇ ಇಯತ್ತೆಗೆ ಸಾಲಿ ಬಿಟ್ಟು, ದೊಡವಾಡದಿಂದ ಬಸ್ಸು ಹತ್ತಿ ಬಂದು, ಮಾಲು ಕಲಸುವ ಆಳಾಗಿ ಸೇರಿ, ಯಾರ ಶಿಫಾರಸೂ ಇಲ್ಲದೆ ಮೇಸ್ತ್ರಿಯಾದವನು ನಾನು. ಸ್ವಲ್ಪ ಹೇಳಿಕೊಂಡರೆ ತಪ್ಪೇನು? ಆದರೆ ನಾನು ಕಟ್ಟಿದ್ದರಲ್ಲೆಲ್ಲ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಕಟ್ಟಡವನ್ನು ಮಾತ್ರ ಯಾರಿಗೂ ತೋರಿಸುವಂತಿಲ್ಲ. ಅದಕ್ಕೆ ಇಟ್ಟಂಗಿ ಇಲ್ಲ, ಸಿಮೆಂಟು ಇಲ್ಲ. ಬರೀ ಚುಕ್ಕಿ. ಕಂಪ್ಯೂಟರಿನ ಪರದೆಯ ಮೇಲೆ ಸಾಲು ಸಾಲಾಗಿ ನಿಂತ ಚುಕ್ಕಿಗಳ ಗೋಪುರ. ಕರೆಂಟು ಹೋದರೆ ಅದೂ ಹೋಯಿತು. ನಮ್ಮ ಊರಿನಲ್ಲಿ ಕರೆಂಟು ಹೋಗುವುದಕ್ಕೆ ಮುಹೂರ್ತ ನೋಡುತ್ತಿರಲಿಲ್ಲ.

ಇದು ಎರಡು ಸಾವಿರದ ಇಸವಿ ದಾಟಿದ ಹೊಸತು. ನನ್ನ ಹೆಂಡತಿ ಕಸ್ತೂರಿ ಮನೋಳಿಯವಳು, ಸವದತ್ತಿಯಲ್ಲಿ ಪಿಯುಸಿ ಪಾಸಾದವಳು. ಆರನೇ ಇಯತ್ತೆಯವನಿಗೆ ಪಿಯುಸಿ ಹೇಗೆ ಸಿಕ್ಕಿತು ಎಂದು ಕೇಳಬೇಡಿ. ನಮ್ಮ ಮಾವನವರ ಮನೆಯ ಹಿತ್ತಲಲ್ಲಿ ನಾನು ಕಟ್ಟಿದ ಗೋಡೆ ಎದ್ದು ನಿಂತದ್ದನ್ನು ನೋಡಿ ಅವರೇ ಮಾತು ತೆಗೆದರು. ಕಸ್ತೂರಿ ಬೈಲಹೊಂಗಲದ ಒಂದು ಖಾಸಗಿ ಶಾಲೆಯಲ್ಲಿ ಬಾಲವಾಡಿ ನೋಡಿಕೊಳ್ಳುತ್ತಿದ್ದಳು. ಆ ಶಾಲೆಯವರು ಎಲ್ಲಿಂದಲೋ ಕಂಪ್ಯೂಟರುಗಳನ್ನು ತಂದು ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿದ್ದರು. ಹೆಡ್‌ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಒಂದು ದಿನ, ದೀಪಾವಳಿ ರಜೆ ಮುಗಿಯುವುದರೊಳಗೆ ಕಂಪ್ಯೂಟರ್ ಸರ್ಟಿಫಿಕೇಟ್ ತಂದರೆ ಆ ಕೋಣೆಯ ಕೀಲಿಕೈ ನಿನ್ನದು, ಇಲ್ಲದಿದ್ದರೆ ಧಾರವಾಡದಿಂದ ಒಬ್ಬರನ್ನು ಕರೆಸುತ್ತೇವೆ ಎಂದರಂತೆ. ಅಂದು ಮನೆಗೆ ಬಂದವಳ ಮುಖ ಬೇರೆಯೇ ಆಗಿತ್ತು. "ಇಷ್ಟ ವರ್ಷ ಹುಡುಗೂರ ಮೂಗ ಒರೆಸಿ ಒರೆಸಿ ನನ್ನ ಸೆರಗ ಗಂಜಿ ಹಾಕಿದಂಗ ಆಗೇತ್ರಿ," ಎಂದಳು. "ಒಂದ ಸಲಾನರ ಬೋರ್ಡಿನ ಮುಂದ ನಿಂತು, ಚಾಕ್‌ಪೀಸ್ ಹಿಡದು, ಪಾಠಾ ಹೇಳಬೇಕು ನಾನು." ಅವಳು ಏನನ್ನಾದರೂ ಬೇಕೆಂದು ಕೇಳಿದ್ದು ಕಡಿಮೆ. ಕಂಪ್ಯೂಟರ್ ಕೋಣೆ ಅವಳಿಗೆ ಸಿಗಲೇಬೇಕು ಎಂದು ನಾನು ಅಲ್ಲೇ, ಊಟದ ತಾಟಿನ ಮುಂದೆಯೇ, ತೀರ್ಮಾನ ಮಾಡಿಬಿಟ್ಟೆ.

ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಅದನ್ನು ನಡೆಸುತ್ತಿದ್ದವರು ಮಹಾಂತೇಶ ಸರ್ ಎಂಬ ಹುಡುಗವಯಸ್ಸಿನವರು. ಅಲ್ಲಿಯ ನಿಯಮ ಎಂದರೆ ಒಂದು ಮಷೀನಿಗೆ ಇಬ್ಬರು. ಕಲಿಯುವುದೂ ಜೋಡಿಯಾಗಿ, ಪರೀಕ್ಷೆಯೂ ಜೋಡಿಯಾಗಿ. ಬ್ಯಾಚಿನ ತುಂಬ ಗಂಡುಹುಡುಗರೇ. ಆದ್ದರಿಂದ ಸರ್ ಕಸ್ತೂರಿಗೆ, "ಅಕ್ಕಾರ, ನಿಮ್ಮ ಜೋಡಿಗೆ ಯಾರನ್ನರ ಕರಕೊಂಡ ಬರ್ರಿ, ಆಮ್ಯಾಲ ಸೀಟು," ಎಂದು ಹೇಳಿ ಕಳಿಸಿದ್ದರು. ಅವಳು ಓಣಿಯ ಗೆಳತಿಯರನ್ನೆಲ್ಲ ಕೇಳಿ ನೋಡಿದಳು. ಒಬ್ಬಳಿಗೆ ಅತ್ತೆಯ ಅಡ್ಡಿ, ಇನ್ನೊಬ್ಬಳಿಗೆ ಎಮ್ಮೆಯ ಅಡ್ಡಿ. ಕೊನೆಗೆ ಸಪ್ಪೆ ಮುಖ ಮಾಡಿಕೊಂಡು ಕೂತಿದ್ದಾಗ ನಾನು ಹೇಳಿದೆ.

"ನಾ ಬರ್ತೇನಿ."

"ನೀವಾ?"

"ಯಾಕ, ನನಗ ಕೈ ಇಲ್ಲೇನು?"

"ಕೈ ಅದಾವ್ರಿ," ಎಂದಳು ಕಸ್ತೂರಿ, ಸಿಮೆಂಟು ತಿಂದು ಬಿರುಕು ಬಿಟ್ಟ ನನ್ನ ಬೆರಳುಗಳನ್ನು ನೋಡುತ್ತ. "ಅದ ಚಿಂತಿ."

ಮಳೆಗಾಲ. ಹೊಸ ಕೆಲಸ ಯಾರೂ ಹಚ್ಚುತ್ತಿರಲಿಲ್ಲ. ಬೆಳಿಗ್ಗೆ ಒಂದು ತಾಸು ಕ್ಲಾಸಿಗೆ ಹೋಗಿ, ಅಲ್ಲಿಂದ ಸಣ್ಣಪುಟ್ಟ ರಿಪೇರಿಗೆ ಹೋದರಾಯಿತು ಎಂದು ನನ್ನ ಲೆಕ್ಕ. ಮೊದಲ ದಿನವೇ ಒಂದು ಪೇಚು ಎದುರಾಯಿತು. ಮಹಾಂತೇಶ ಸರ್ ನನ್ನ ಹೆಂಡತಿಯನ್ನು ಅಕ್ಕಾ ಎಂದರು, ನನ್ನನ್ನು ಕಾಕಾ, ಅಂದರೆ ಚಿಕ್ಕಪ್ಪ, ಎಂದರು. ಈ ಸಂಬಂಧದಲ್ಲಿ ನಾನು ನನ್ನ ಹೆಂಡತಿಗೆ ಏನಾಗಬೇಕು ಎಂಬುದನ್ನು ಬಿಡಿಸಲು ಹೋದರೆ ತಲೆ ಕೆಡುತ್ತಿತ್ತು, ಬಿಟ್ಟುಬಿಟ್ಟೆ. ಚಪ್ಪಲಿ ಹೊರಗೆ ಕಳಚಿ ಒಳಗೆ ಹೋಗಬೇಕು. ಕಿಟಕಿಗೆ ದಪ್ಪ ಪರದೆ. ಪ್ರತಿ ಕಂಪ್ಯೂಟರಿಗೂ ಹೂವಿನ ಚಿತ್ರದ ಬಟ್ಟೆಯ ಮುಸುಕು. ಶುಕ್ರವಾರ ಊದುಬತ್ತಿ. ಗರ್ಭಗುಡಿಯಲ್ಲಿ ನಿಂತವನಂತೆ ಉಸಿರು ಬಿಗಿಹಿಡಿದು ಕೂತೆ. ಕಸ್ತೂರಿ ಮುಸುಕು ತೆಗೆದಳು. ನಾನು ಕೈ ಮುಗಿಯುವುದೊಂದು ಬಾಕಿ.

ನನಗೆ ಇಂಗ್ಲಿಷ್ ಅಕ್ಷರ ಗೊತ್ತಿತ್ತು. ಶಾಲೆಯಲ್ಲಿ ಕಲಿತದ್ದಲ್ಲ, ಸಿಮೆಂಟಿನ ಚೀಲದ ಮೇಲೆ ಓದಿ ಓದಿ ಕಲಿತದ್ದು. ಚೀಲದ ಮೇಲೆ ಇರುವುದೆಲ್ಲ ದೊಡ್ಡಕ್ಷರ. ಕೀಬೋರ್ಡಿನ ಮೇಲೂ ದೊಡ್ಡಕ್ಷರವೇ ಇದ್ದದ್ದು ನೋಡಿ ಧೈರ್ಯ ಬಂತು. ಆದರೆ ದೊಡ್ಡಕ್ಷರ ಒತ್ತಿದರೆ ಪರದೆಯ ಮೇಲೆ ಅದರ ಮರಿ ಬೀಳುತ್ತಿತ್ತು. ಕೆಲವು ಮರಿಗಳಿಗೆ ತಾಯಿಯ ಹೋಲಿಕೆಯೂ ಇರಲಿಲ್ಲ. ಆ ಅಕ್ಷರಗಳನ್ನು ಹಲಗೆಯ ಮೇಲೆ ಕೂರಿಸಿದವನು ಯಾರೋ, ಅವನನ್ನು ನನ್ನ ಕೈಕೆಳಗೆ ಇಟ್ಟಂಗಿ ಜೋಡಿಸಲು ಹಚ್ಚಿದ್ದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮನೆಗೆ ಕಳಿಸುತ್ತಿದ್ದೆ. ಹೀಗೆ ಗೊಣಗುತ್ತ ಗೊಣಗುತ್ತ, ಒಂದೇ ಬೆರಳಿನಿಂದ ಕೋಳಿ ಕಾಳು ಹೆಕ್ಕಿದಂತೆ ಕುಟ್ಟುತ್ತ ಕೆಲವು ವಾರ ಕಳೆದೆ. ಪಕ್ಕದ ಹುಡುಗರು ಮುಸಿಮುಸಿ ನಗುತ್ತಿದ್ದರು. ನಗಲಿ. ಅವರು ಕೂತಿದ್ದ ಆ ಮಹಡಿಗೆ ಹತ್ತಿ ಬಂದ ಮೆಟ್ಟಿಲು ಕಟ್ಟಿದವನು ನಾನು.

ಹೀಗಿರುವಾಗ ಚುಕ್ಕಿಯ ಪಾಠ ಬಂತು ನೋಡಿ, ನನ್ನ ಜಾತಕವೇ ಬದಲಾಯಿತು. ಮಹಾಂತೇಶ ಸರ್ ಬೋರ್ಡಿನ ಮೇಲೆ ಐದು ಸಾಲು ಚುಕ್ಕಿ ಬರೆದರು. ಸಾಲಿಗೆ ಐದರಂತೆ ಚೌಕ. "ಇದನ್ನ ಕೈಲೇ ಒಂದೊಂದ ಒತ್ತಂಗಿಲ್ಲ. ಕಂಪ್ಯೂಟರಿಗೆ ಹುಕುಂ ಕೊಟ್ಟು ಮಾಡಸಬೇಕು. ಹೇಳಿದಷ್ಟ ಸಲ ಅದ ಕೆಲಸಾ ತಿರುಗಿ ಮಾಡಸೂದಕ್ಕ ಲೂಪ್ ಅಂತಾರ. ಅಂಥಾವು ಎರಡು ಬೇಕು, ಒಂದರ ಹೊಟ್ಟ್ಯಾಗ ಇನ್ನೊಂದು. ಹೊರಗಿನ ಲೂಪು ಐ ಅನ್ನೂ ಹೆಸರಿಲೆ ಸಾಲು ಎಣಸತೈತಿ. ಒಳಗಿನ ಲೂಪು ಜೆ ಅನ್ನೂ ಹೆಸರಿಲೆ ಆ ಸಾಲಿನಾಗಿನ ಚುಕ್ಕಿ ಎಣಸತೈತಿ. ಒಳಗಿಂದು ಪೂರಾ ಮುಗಿಯೂ ತನಕ ಹೊರಗಿಂದು ಒಂದ ಹೆಜ್ಜಿ ಮುಂದ ಇಡಂಗಿಲ್ಲ," ಎಂದರು. ನಾನು ಕುರ್ಚಿಯಿಂದ ಎದ್ದೇ ನಿಂತೆ. "ಸರ, ಇದು ಗ್ವಾಡಿ!" ಎಂದೆ. ಕ್ಲಾಸು ಕ್ಲಾಸೇ ತಿರುಗಿ ನೋಡಿತು. ಕಸ್ತೂರಿ ನನ್ನ ಅಂಗಿಯ ಚುಂಗು ಹಿಡಿದು ಎಳೆದಳು. ಆದರೆ ನನ್ನನ್ನು ಎಳೆದು ಕೂರಿಸುವ ಹಂತ ದಾಟಿಹೋಗಿತ್ತು. ಮೇಸ್ತ್ರಿ ಸಾಲು ಎಣಿಸುತ್ತಾನೆ, ಗೌಂಡಿ ಆ ಸಾಲಿನ ಇಟ್ಟಂಗಿ ಎಣಿಸುತ್ತಾನೆ, ಒಂದು ಸಾಲು ತುಂಬುವ ತನಕ ದಾರ ಮೇಲಕ್ಕೆ ಏರಿಸುವುದಿಲ್ಲ. ನಾನು ಜೀವಮಾನವೆಲ್ಲ ಮಾಡಿದ್ದು ಲೂಪಿನೊಳಗಿನ ಲೂಪೇ! ಇದನ್ನು ಇಂಗ್ಲಿಷಿನಲ್ಲಿ ಹೇಳುವವರು ಸಿಕ್ಕಿರಲಿಲ್ಲ, ಅಷ್ಟೇ. "ಅಡ್ಡಿ ಇಲ್ಲ ಕಾಕಾ, ಗ್ವಾಡಿ ಅಂತನ ತಿಳ್ಕೋರಿ," ಎಂದರು ಸರ್. ಆ ಒಂದು ಮಾತು ಅವರು ಆಡಬಾರದಿತ್ತು.

ಅಂದು ಕೀಬೋರ್ಡು ನನ್ನ ಕಡೆ ಎಳೆದುಕೊಂಡೆ. ಬರೆದು ಮುಗಿಸಿ, ಸರ್ ಹೇಳಿದ ಎರಡು ಕೀಲಿ ಒಟ್ಟಿಗೆ ಒತ್ತಿದೆ. ನೀಲಿ ಪರದೆ ಒಮ್ಮೆಲೇ ಕಪ್ಪಾಯಿತು. ಬರೆದದ್ದೆಲ್ಲ ಎಲ್ಲಿ ಹೋಯಿತು? ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದೆ. ಹಿಂದೆ ಅಲ್ಲ, ಮುಂದೆ ನೋಡಿ ಎಂದಳು ಕಸ್ತೂರಿ. ನೋಡಿದೆ. ಚುಕ್ಕಿ! ಕರ‍್ರನೆಯ ಪರದೆಯ ತುಂಬ ಬೆಳ್ಳನೆಯ ಚುಕ್ಕಿ, ನಿಲ್ಲುವ ಮಾತೇ ಇಲ್ಲ, ಸರಸರ ಓಡುತ್ತಿವೆ, ಸಾಲಿನ ಮೇಲೆ ಸಾಲು ಏರಿ ಹೋಗುತ್ತಿವೆ. ನನಗೆ ಮೈ ಜುಮ್ಮೆಂದಿತು. "ನೋಡ, ನೋಡ! ಕೆಲಸ ಅಂದ್ರ ಹಿಂಗ ನಡೀಬೇಕು!" ಎಂದು ಕೂಗಿದೆ. ಸರ್ ಆ ಮೂಲೆಯಿಂದ ಓಡಿ ಬಂದರು. "ಕಾಕಾ, ನಿಂದರಸ್ರಿ! ಒಳಗಿನ ಲೂಪಿಗೆ ಜೆ ಏರಸೂ ಬದಲಿ ಐ ಏರಸೀರಿ. ಇದು ಎಂದೂ ಮುಗ್ಯಾಂಗಿಲ್ಲ!" ಅಂದರೆ ಗೌಂಡಿಯ ಇಟ್ಟಂಗಿ ಎಣಿಸುವುದನ್ನು ಬಿಟ್ಟು ಮೇಸ್ತ್ರಿಯನ್ನೇ ಎಣಿಸುತ್ತ ಕೂತಿದ್ದೆ, ಗೌಂಡಿಯ ಮಟ್ಟಿಗೆ ಮೊದಲ ಸಾಲೇ ಮುಗಿದಿಲ್ಲ, ಪಾಪ ಅವನು ಇಡುತ್ತಲೇ ಇದ್ದಾನೆ. ಅಷ್ಟು ಪ್ರಾಮಾಣಿಕ ಆಳು ನನಗೆ ಹೊರಗೆ ಎಂದೂ ಸಿಕ್ಕಿರಲಿಲ್ಲ. ನಿಲ್ಲಿಸಲು ಮನಸ್ಸೇ ಬರಲಿಲ್ಲ.

ಅಂದಿನಿಂದ ನನಗೆ ಚುಕ್ಕಿಯ ಹುಚ್ಚು ಹಿಡಿಯಿತು. ಗೋಡೆಗೆ ಬಳಿದ ಹಸಿ ಗಿಲಾವಿನ ಮೇಲೆ ಕರಣಿಯ ತುದಿಯಿಂದ ಚುಕ್ಕಿ ಚುಚ್ಚಿ ಲೆಕ್ಕ ಮಾಡಿದೆ. ಮನೆಯ ಮಾಲಕರು ಅದನ್ನು ಡಿಸೈನು ಎಂದು ತಿಳಿದು ಇನ್ನೊಂದು ಗೋಡೆಗೂ ಮಾಡಲು ಹೇಳಿದರು. ಕಸ್ತೂರಿ ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಡುವಾಗ ಹಿಂದೆ ನಿಂತು, "ಈಗ ಒಳಗಿನ ಲೂಪು ಮುಗೀತು, ಕೆಳಗಿನ ಸಾಲಿಗೆ ನಡಿ," ಎಂದು ಹುಕುಂ ಕೊಟ್ಟೆ. ಅವಳು ರಂಗೋಲಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನನ್ನ ಕೈಕೆಳಗಿನ ಗೌಂಡಿ ಫಕೀರಪ್ಪನನ್ನು ಒಂದು ದಿನ ನೀರಿನ ತೊಟ್ಟಿಯ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ವಿವರಿಸಿದೆ. ಅವನು ಎಲೆ ಅಡಿಕೆ ಅಗಿಯುತ್ತ ಪೂರ್ತಿ ಕೇಳಿಸಿಕೊಂಡ.

"ಅಂದ್ರ ಮೇಸ್ತ್ರಿ, ಹೊರಗಿನ ಲೂಪು ನೀವು, ಒಳಗಿನ ಲೂಪು ನಾನು."

"ಹೂಂ, ತಿಳೀತಲ್ಲ!"

"ನಾ ಐದ ಸಲ ಬಗ್ಗಿ ಎದ್ರ, ನೀವು ಒಂದ ಸಲ ಹೂಂ ಅಂತೀರಿ."

"ಹೂಂ."

"ಇದಕ್ಕ ಕಂಪ್ಯೂಟರ್ ಯಾಕ ಬೇಕಾಗಿತ್ರಿ?" ಎಂದು ಕೇಳಿ ಎದ್ದು ಹೋದ.

ಚೌಕದ ನಂತರ ಬಂದದ್ದು ಗೋಪುರ. ಮೇಲೆ ಒಂದು ಚುಕ್ಕಿ, ಕೆಳಗೆ ಬರುತ್ತ ಬರುತ್ತ ಅಗಲ. ಇದಂತೂ ನನಗೆ ಎಡಗೈ ಕೆಲಸ ಎಂದುಕೊಂಡು ಬರೆದೆ. ಮೊದಲನೆಯ ಸಾಲಿಗೆ ಎಲ್ಲಕ್ಕಿಂತ ಹೆಚ್ಚು ಚುಕ್ಕಿ, ಎರಡನೆಯದಕ್ಕೆ ಅದಕ್ಕಿಂತ ಕಡಿಮೆ, ಹೀಗೆ ಇಳಿಸುತ್ತ ಹೋಗಿ ಕೊನೆಯ ಸಾಲಿಗೆ ಕಳಸದಂತೆ ಒಂದೇ ಚುಕ್ಕಿ. ಒತ್ತಿದೆ. ಬಂದದ್ದು ತಲೆಕೆಳಗಾದ ಗೋಪುರ. ಅಗಲ ಮೇಲೆ, ಕಳಸ ಕೆಳಗೆ. ಪ್ರೋಗ್ರಾಮನ್ನು ಸಾಲು ಸಾಲಾಗಿ ನೋಡಿದೆ. ತಪ್ಪೇ ಇಲ್ಲ. ಸರ್ ಅವರನ್ನು ಕರೆದು, ಮಾನಿಟರ್ ಕೆಟ್ಟಿದೆ ಎಂದೆ.

"ಮಾನಿಟರ್ ಸರಿ ಐತ್ರಿ ಕಾಕಾ. ನೀವು ದೊಡ್ಡ ಸಾಲನ್ನ ಮೊದಲ ಬರದೀರಿ."

"ಮತ್ತ? ಪಾಯಾ ಮೊದಲ ಹಾಕಬೇಕೋ, ಕಳಸ ಮೊದಲ ಇಡಬೇಕೋ?"

"ಕಂಪ್ಯೂಟರ್ ಮ್ಯಾಲಿಂದ ಕೆಳಗ ಬರಕೋತ ಬರತೈತ್ರಿ."

"ಹಂಗಾರ ಅದರ ಮನಿ ಬೀಳತೈತಿ, ಬರದಿಟ್ಟುಕೊಳ್ರಿ," ಎಂದೆ.

ಸರ್ ನಕ್ಕು ಹೋಗಿಬಿಟ್ಟರು. ನನಗೆ ಮಾತ್ರ ನಗು ಬರಲಿಲ್ಲ. ಒಂದನೆಯ ಸಾಲು ಎಂದರೆ ನನಗೆ ನೆಲದಲ್ಲಿ ಇರುವ ಸಾಲು. ಅದರ ಮೇಲೆ ಎರಡನೆಯದು. ಇದು ಬುದ್ಧಿಯಲ್ಲಿ ಇರುವ ಲೆಕ್ಕವಲ್ಲ, ಬೆನ್ನುಮೂಳೆಯಲ್ಲಿ ಇರುವ ಲೆಕ್ಕ. ಕಸ್ತೂರಿ ಸಮಾಧಾನ ಮಾಡಲು ಬಂದಳು. "ಗ್ವಾಡಿ ಅಂತ ಯಾಕ ತಿಳೀತೀರಿ? ಕಾಗದ ಬರಿಯೂದು ಅಂತ ತಿಳ್ಕೋರಿ. ಕಾಗದ ಮ್ಯಾಲಿಂದ ಸುರು ಮಾಡಿ ಕೆಳಗ ಬರಕೋತ ಬರೂದಿಲ್ಲೇನು?" ಜೀವನದಲ್ಲಿ ನಾನು ಯಾರಿಗೂ ಕಾಗದ ಬರೆದವನಲ್ಲ. ಸಹಿ ಮಾಡಿದ್ದೇನೆ, ಅದೂ ಯಾವಾಗಲೂ ಕೆಳಗಡೆಯೇ.

ಅದಾದ ಮೇಲೆ ಖಾಲಿ ಜಾಗದ ರಗಳೆ. ಗೋಪುರ ನಡುವೆ ನಿಲ್ಲಬೇಕಾದರೆ ಪ್ರತಿ ಸಾಲಿನ ಮುಂದೆ ಇಷ್ಟು ಖಾಲಿ ಜಾಗ ಎಂದು ಲೆಕ್ಕ ಹಾಕಿ, ಅದಕ್ಕೂ ಒಂದು ಲೂಪು ಬರೆಯಬೇಕಂತೆ. ಇಲ್ಲದ್ದನ್ನು ಕಟ್ಟುವುದು ಹೇಗೆ? "ಗಾಳಿ ಹೊರಾಕ ಯಾವ ಮೇಸ್ತ್ರಿ ಆಳು ಹಚ್ಚತಾನ?" ಎಂದು ನಾನು ಎರಡು ದಿನ ಸತ್ಯಾಗ್ರಹ ಮಾಡಿದೆ. ನನ್ನ ಗೋಪುರ ಎಡಗಡೆಯ ಗೋಡೆಗೆ ಒರಗಿಕೊಂಡೇ ನಿಂತಿತು, ಕುಡಿದವನಂತೆ. ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದ ಕಸ್ತೂರಿ ತಲೆ ಎತ್ತದೆಯೇ ಕೇಳಿದಳು: "ಗ್ವಾಡಿ ಕಟ್ಟುವಾಗ ಬಾಗಲದ ಜಾಗಾ ಬಿಡ್ತೀರಲ್ಲ, ಅದನ್ನ ಅಳತಿ ಮಾಡಿ ಬಿಡ್ತೀರೋ, ಹಂಗ ಬಿಡ್ತೀರೋ?" ನಾನು ರೊಟ್ಟಿ ಮುರಿದೆ. ಮರುದಿನ ಖಾಲಿ ಜಾಗದ ಲೂಪು ಬರೆದೆ. ಗೋಪುರ ನಡುವೆ ಬಂತು, ಎರಡೂ ಕಡೆ ಸಮ, ನೂಲು ಹಿಡಿದಂತೆ! ನಾನು ಮತ್ತೆ ಎದ್ದು ನಿಂತೆ, ಮತ್ತೆ ಕೂಗಿದೆ. ತಲೆಕೆಳಗಾಗಿಯೇ ಇತ್ತು, ಆ ಮಾತು ಬೇರೆ.

ಈ ಸಂಭ್ರಮದಲ್ಲಿ ನನ್ನ ಲಕ್ಷ್ಯಕ್ಕೆ ಬಾರದೆ ಹೋದ ಒಂದು ಸಂಗತಿಯನ್ನು ಕಸ್ತೂರಿಯೇ ಲಕ್ಷ್ಯಕ್ಕೆ ತಂದಳು. ಕ್ಲಾಸಿನಿಂದ ಇಳಿಯುವಾಗ, ನಾನೇ ಕಟ್ಟಿದ ಮೆಟ್ಟಿಲ ಮೇಲೆ ನಿಂತು, "ನೋಡ್ರಿ, ಪರೀಕ್ಷಾ ಪಾಸಾಗಬೇಕಾಗಿದ್ದು ನಾನು," ಎಂದಳು. "ಹದಿನೈದ ದಿನಾ ಆತು, ಕೀಬೋರ್ಡ್ ನನ್ನ ಕಡೆ ಬಂದಿಲ್ಲ. ನೀವು ಕುಟ್ಟತೀರಿ, ನಾ ಪಕ್ಕದಾಗ ಕುಂತು ಬೀಸಣಿಕಿ ಬೀಸೂದೊಂದ ಬಾಕಿ. ಕಂಪ್ಯೂಟರ್ ಕೋಣಿ ಧಾರವಾಡದಾಕಿಗೆ ಹೋದ್ರ, ನೀವು ನನಗ ಗೋಪುರ ತೋರಸ್ತೀರೇನು?" ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಮರುದಿನದಿಂದ ಕೀಬೋರ್ಡು ಅವಳ ಮುಂದೆ. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ, ಇಲ್ಲದಿದ್ದರೆ ಅದು ತಾನಾಗಿ ಮುಂದೆ ಹೋಗುತ್ತಿತ್ತು. ಕಸ್ತೂರಿಯ ಗೋಪುರ ಮೊದಲ ಸಲಕ್ಕೇ ನೆಟ್ಟಗೆ ಎದ್ದು ನಿಂತಿತು. ನನ್ನ ಸರದಿ ಬಂದಾಗ ನನ್ನದು ಎಂದಿನಂತೆ ಕಾಲು ಮೇಲೆ. ಎಷ್ಟು ತಿದ್ದಿಕೊಂಡರೂ ಬೆರಳು ಪಾಯದಿಂದಲೇ ಶುರು ಮಾಡುತ್ತಿತ್ತು. ಮಹಾಂತೇಶ ಸರ್ ಕೊನೆಗೆ, "ಕಾಕಾ, ಪರೀಕ್ಷಾ ದಿನ ಅಕ್ಕಾರು ಬರೀಲಿ, ನೀವು ಶಾಂತ ಕುಂತ್ರ ಅಷ್ಟ ಸಾಕು," ಎಂದರು. ಆಗಬಹುದು ಎಂದೆ. ಜೀವನದಲ್ಲಿ ಮೊದಲ ಸಲ ಸುಮ್ಮನೆ ಕೂರುವ ಕೆಲಸ ಒಪ್ಪಿಕೊಂಡಿದ್ದೆ.

ಆದರೆ ಪರೀಕ್ಷೆ ಮಾಡಲು ಬೆಳಗಾವಿಯಿಂದ ಬಂದ ಸಾಹೇಬರು ಶಾಂತವಾಗಿ ಕೂರಲು ಬಿಡುವವರಾಗಿರಲಿಲ್ಲ. ಸಫಾರಿ ಹಾಕಿಕೊಂಡು, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಬಂದವರು ಮೊದಲೇ ಕಟ್ಟಪ್ಪಣೆ ಮಾಡಿದರು. ಜೋಡಿಯಲ್ಲಿ ಇಬ್ಬರೂ ಬರೆಯಬೇಕು. ಅರ್ಧ ಒಬ್ಬರು, ಅವರು ಬಿಟ್ಟಲ್ಲಿಂದ ಮುಂದೆ ಇನ್ನೊಬ್ಬರು. ಬರೆಯುವಾಗ ಪರಸ್ಪರ ಮಾತಾಡುವಂತಿಲ್ಲ. ಓಡಿಸಿ ನೋಡಿದ ಮೇಲೆ ತಿದ್ದಲು ಸ್ವಲ್ಪ ಸಮಯ. ನಮಗೆ ಬಂದದ್ದು ವಜ್ರ. ಎಂದರೆ ಮೇಲಿನ ಅರ್ಧ ನೆಟ್ಟಗಿನ ಗೋಪುರ, ಕೆಳಗಿನ ಅರ್ಧ ಬೋರಲು ಗೋಪುರ. ಬೋರಲು ಗೋಪುರ! ನನ್ನ ಎದೆ ಅರಳಿತು. ಮೇಲಿನದನ್ನು ಕಸ್ತೂರಿ ಬರೆದರೆ ಕೆಳಗಿನದು ನನ್ನ ಹುಟ್ಟು ಹಕ್ಕು. ಅಷ್ಟರಲ್ಲಿ ಸಾಹೇಬರು ಪೆನ್ನು ನನ್ನ ಕಡೆ ತೋರಿಸಿ, "ಹಾಂ, ಮೊದಲ ನೀವು ಸುರು ಮಾಡ್ರಿ ಯಜಮಾನ್ರ," ಎಂದರು.

"ಸರ, ಆಕಿ ಮೊದಲ ಬರೀಲಿ, ಆಮ್ಯಾಲ ನಾ..."

"ಯಾಕ್ರಿ, ಮನ್ಯಾಗೂ ಹಂಗೇನು?"

ಹುಡುಗರೆಲ್ಲ ನಕ್ಕರು. ಕಸ್ತೂರಿಯ ಮುಖ ನೋಡಿದೆ. ಬಣ್ಣ ಇಳಿದಿತ್ತು. ಬಾಗಿಲಲ್ಲಿ ನಿಂತಿದ್ದ ಮಹಾಂತೇಶ ಸರ್ ಗೋಡೆಗೆ ಒರಗಿದರು. ನಾನು ಮನಸ್ಸಿನಲ್ಲಿ 'ಕಳಸ ಮೊದಲು, ಕಳಸ ಮೊದಲು' ಎಂದು ಜಪ ಮಾಡುತ್ತ ಬೆರಳಿಟ್ಟೆ. ಕಳಸ ಮೊದಲು ಎಂದರೆ ಒಂದು ಚುಕ್ಕಿ; ಒಂದು ಚುಕ್ಕಿಯನ್ನು ಗಾಳಿಯಲ್ಲಿ ಇಡುವುದು ಹೇಗೆ? ಬೆವರು ಹಣೆಯಿಂದ ಇಳಿದು ಕಣ್ಣಿಗೆ ಬಂತು. ಒರೆಸಿಕೊಂಡು ನೋಡುವಷ್ಟರಲ್ಲಿ ಬೆರಳುಗಳು ತಮಗೆ ಗೊತ್ತಿದ್ದ ಕೆಲಸವನ್ನು ಮುಗಿಸಿ ಕೂತಿದ್ದವು. ಅಚ್ಚುಕಟ್ಟಾದ ಬೋರಲು ಗೋಪುರ, ಖಾಲಿ ಜಾಗದ ಲೂಪು ಸಮೇತ. ಅಳಿಸೋಣವೆಂದರೆ ಸಾಹೇಬರು "ಆತಲ್ಲ, ಸರೀರಿ" ಎಂದು ಕುರ್ಚಿ ಎಳೆದರು.

ಕಸ್ತೂರಿ ನಾನು ಬರೆದದ್ದನ್ನು ಒಮ್ಮೆ ಮೇಲಿನಿಂದ ಕೆಳಗೆ ಓದಿದಳು. ಮಾತಾಡುವಂತಿಲ್ಲ. ಆದರೆ ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಬೈಯಲು ಮಾತೇ ಬೇಕೆಂದೇನಿಲ್ಲ. ಆ ಒಂದು ನೋಟದಲ್ಲಿ ನಮ್ಮ ದೊಡವಾಡದ ಮನೆತನದವರೆಲ್ಲ ಬಂದುಹೋದರು. ಆಮೇಲೆ ಅವಳು ತುಟಿ ಕಚ್ಚಿಕೊಂಡು ಸರಸರನೆ ಬರೆಯತೊಡಗಿದಳು. ಏನು ಬರೆದಳು ಎಂದು ನೋಡುವ ಧೈರ್ಯ ನನಗಿರಲಿಲ್ಲ. ಮುಗಿಸಿ ಕೀಲಿ ಒತ್ತಿದಳು. ಪರದೆಯ ಮೇಲೆ ಬೋರಲು ಗೋಪುರ, ಅದರ ಕೆಳಗೆ ನೆಟ್ಟಗಿನ ಗೋಪುರ, ಎರಡರ ತುದಿಗೆ ತುದಿ ತಾಗಿ ನಡು ಸಣ್ಣಗೆ. ಸಾಹೇಬರು ಕನ್ನಡಕ ಮೇಲೇರಿಸಿದರು.

"ಏನ್ರಿ ಇದು?"

"ಡಮರುಗ, ಸರ," ಎಂದೆ. ನಿಜವನ್ನೇ ಹೇಳಿದ್ದು. ಶಿವನ ಕೈಯಲ್ಲಿ ಇರುವಂಥದೇ.

"ನಾ ಕೇಳಿದ್ದು ವಜ್ರ."

ಮಹಾಂತೇಶ ಸರ್ ಹಣೆ ಹಣೆ ಬಡಿದುಕೊಂಡರು. ಕಸ್ತೂರಿ ಮಾತ್ರ ಅಲುಗಲಿಲ್ಲ. "ಸರ, ತಿದ್ದಾಕ ವ್ಯಾಳ್ಯಾ ಐತಲ್ರಿ?" ಎಂದು ಕೇಳಿದಳು. ಸಾಹೇಬರು ತಲೆಯಾಡಿಸಿದರು. ಅವಳು ನನ್ನ ಗೋಪುರವನ್ನು ಪೂರ್ತಿ, ಒಂದು ಅಕ್ಷರ ಕೆಡಿಸದೆ, ಗುರುತು ಮಾಡಿದಳು. ಎರಡು ಮೂರು ಕೀಲಿ ಒತ್ತಿ ಅದನ್ನು ಅನಾಮತ್ತಾಗಿ ಎತ್ತಿ ತನ್ನದರ ಕೆಳಗೆ ಇಟ್ಟುಬಿಟ್ಟಳು. ಕಟ್ಟಿದ ಗೋಪುರವನ್ನು ಹಾಗೆ ಎತ್ತಿ ಇನ್ನೊಂದು ಕಡೆ ಇಡುವುದನ್ನು ನಾನು ಕಂಡದ್ದು ಅದೇ ಮೊದಲು. ಬಾಯಿ ತೆರೆದುಕೊಂಡು ನೋಡಿದೆ. ಮತ್ತೆ ಒತ್ತಿದಳು. ವಜ್ರ! ಮೇಲೆ ಅವಳದು, ಕೆಳಗೆ ನನ್ನದು, ನಡುವೆ ಬೆಸುಗೆಯೇ ಕಾಣದಂತೆ. ಸಾಹೇಬರು ಪರದೆಯ ಹತ್ತಿರ ಬಗ್ಗಿ, ನಡುವಿನ ಅಗಲವಾದ ಸಾಲು ಎರಡು ಸಲ ಬಂದಿದೆಯಲ್ಲ ಎಂದರು. "ಗಟ್ಟಿ ಇರಲಿ ಅಂತ ನಡುವ ಬೆಲ್ಟ್ ಹಾಕೇವ್ರಿ ಸರ," ಎಂದೆ. ಅಷ್ಟರಲ್ಲಿ ಕಸ್ತೂರಿ ನನ್ನ ಲೂಪು ಒಂದನೆಯ ಸಾಲು ಬಿಟ್ಟು ಎರಡನೆಯದರಿಂದ ಶುರುವಾಗುವಂತೆ ಮಾಡಿ, ನನ್ನ ಬೆಲ್ಟನ್ನು ಕಿತ್ತುಹಾಕಿದ್ದಳು. ಸಾಹೇಬರು ಹಾಳೆಯ ಮೇಲೆ ಏನೋ ಗೀಚಿ ಮುಂದಿನ ಮಷೀನಿಗೆ ಹೋದರು. ಹೋಗುವಾಗ ಅವರ ಹೆಗಲು ನಗುವಿನಿಂದ ಕುಣಿಯುತ್ತಿತ್ತು.

ದೀಪಾವಳಿಗೆ ಮೊದಲೇ ಸರ್ಟಿಫಿಕೇಟು ಬಂದವು. ಅವಳಿಗೆ ಫಸ್ಟ್ ಕ್ಲಾಸು, ನನಗೆ ಬರೀ ಪಾಸು. ಒಂದೇ ವಜ್ರಕ್ಕೆ ಎರಡು ಬಗೆಯ ಮಾರ್ಕು ಹೇಗೆ ಎಂದು ಮಹಾಂತೇಶ ಸರ್ ಅವರನ್ನು ಕೇಳಿದೆ. ಅವರು ಚಹಾ ತರಿಸಿ ಮಾತು ಮರೆಸಿದರು. ಹೆಡ್‌ಬಾಯಾರು ಕೋಣೆಯ ಕೀಲಿಕೈಯನ್ನು ಕಸ್ತೂರಿಗೆ ಕೊಟ್ಟರು. ಧಾರವಾಡದಿಂದ ಯಾರೂ ಬರಲಿಲ್ಲ. ಅವಳು ಆ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಓಣಿಯಲ್ಲಿ ನಡೆದು ಹೋಗುವುದನ್ನು ನೋಡಿ ನನಗೆ ಸ್ವಂತ ಮನೆ ಕಟ್ಟಿದಾಗಲೂ ಆಗದಷ್ಟು ಹಿಗ್ಗಾಯಿತು. ಆ ಹಿಗ್ಗಿನಲ್ಲಿ, ಹೊಟೇಲಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಕಿತ್ತೂರಿನ ಬಸ್ಸಿನಲ್ಲಿ, ಸಂಗೊಳ್ಳಿಯ ಬೀಗರ ಮನೆಯಲ್ಲಿ, ಎಲ್ಲಿ ಕೂತರೂ ಈ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ಕಥೆಗೆ ಸ್ವಲ್ಪ ಗಿಲಾವು ಬಿತ್ತು. ಕೆಳಗಿನ ಗೋಪುರ ನನ್ನದು, ಅದು ಇಲ್ಲದಿದ್ದರೆ ಮೇಲಿನದು ಎಲ್ಲಿ ನಿಲ್ಲುತ್ತಿತ್ತು, ಒಟ್ಟಿನಲ್ಲಿ ನಮ್ಮಾಕೆಯನ್ನು ನಾನೇ ಪಾಸು ಮಾಡಿಸಿದೆ ಎಂಬಲ್ಲಿಗೆ ಬಂದು ನಿಂತಿತು. ಫಕೀರಪ್ಪ ಮಾತ್ರ ಪ್ರತಿ ಸಲವೂ, "ಹೌದೇಳ್ರಿ ಮೇಸ್ತ್ರ್ಯಾರ, ಎತ್ತಿ ಇಟ್ಟವ್ರು ಬ್ಯಾರೆ," ಎನ್ನುತ್ತಿದ್ದ. ಅವನಿಗೆ ಮೊದಲೇ ನಿಜ ಹೇಳಿ ತಪ್ಪು ಮಾಡಿದ್ದೆ.

ಮುಂದಿನ ಬೇಸಿಗೆಗೆ ಮೊದಲು ಅದೇ ಶಾಲೆಯ ಹೊರಗೋಡೆಗೆ ಗಿಲಾವು ಮಾಡುವ ಕೆಲಸ ನನಗೆ ಬಂತು. ಹಲಗೆಯ ಮೇಲೆ ನಿಂತು ಕೆಲಸ ಮಾಡುತ್ತ ಮಾಡುತ್ತ ಕಂಪ್ಯೂಟರ್ ಕೋಣೆಯ ಕಿಟಕಿಯ ಪಕ್ಕಕ್ಕೆ ಬಂದೆ. ಒಳಗೆ ಕಸ್ತೂರಿ ಪಾಠ ಹೇಳುತ್ತಿದ್ದಳು. ದನಿ ಎಷ್ಟು ಗಟ್ಟಿ, ಎಷ್ಟು ಸಲೀಸು! ನಾನು ಕರಣಿಯ ಸಪ್ಪಳ ಮಾಡದೆ ಗೋಡೆಗೆ ಅಂಟಿಕೊಂಡು ನಿಂತೆ. ಚುಕ್ಕಿಯ ಪಾಠವೇ ನಡೆದಿತ್ತು. "ಕಂಪ್ಯೂಟರ್ ಯಾವಾಗ್ಲೂ ಮ್ಯಾಲಿನ ಸಾಲು ಮೊದಲ ಬರೀತೈತಿ, ನೆನಪಿಡ್ರಿ," ಎಂದಳು. "ನಮ್ಮ ಬ್ಯಾಚಿನಾಗ ಒಬ್ಬ ಹಿರ‍್ಯಾರಿದ್ರು. ಅವರು ಕೆಳಗಿಂದ ಮ್ಯಾಲ ಕಟ್ಟತೇನಿ ಅಂತ ಹಟಾ ಹಿಡದಿದ್ರು. ದಿನಾ ಗೋಪುರ ತಲಿಕೆಳಗ. ಕಡೀಕ ಮಾನಿಟರ್ ಕೆಟ್ಟೈತಿ ಅಂದ್ರು!" ಮಕ್ಕಳು ಬಿದ್ದು ಬಿದ್ದು ನಕ್ಕರು. ನಗುವಿನ ನಡುವೆ ಒಂದು ಹುಡುಗಿಯ ದನಿ ಕೇಳಿಸಿತು.

"ಮತ್ತ ಟೀಚರ್, ಅವರು ಫೇಲಾದ್ರೇನ್ರಿ?"

ನಾನು ಕಿಟಕಿಯ ಕಡೆ ಕಿವಿ ಚಾಚಿದೆ. 

"ಇಲ್ಲವ್ವಾ," ಎಂದಳು ಕಸ್ತೂರಿ. "ಭಾಳ ಆಶಾ ಇತ್ತು ಪಾಪ ಅವ್ರಿಗೆ. ನಾನ ಪಾಸ್ ಮಾಡಿಸಿದೆ."

ಆ ತರಗತಿಯ ಮಕ್ಕಳು ಊರಿನ ಎಲ್ಲ ಓಣಿಗಳಿಂದ ಬರುವವರು. ಸಂಜೆಗೆ ಈ ಮಾತು ಎಷ್ಟು ಮನೆ ಮುಟ್ಟಿರಬಹುದು ಎಂದು ನನಗೆ ಲೆಕ್ಕ ಹಾಕಲು ಲೂಪು ಬೇಕಾಗಲಿಲ್ಲ. ಅಂದಿನಿಂದ ಬೈಲಹೊಂಗಲದಲ್ಲಿ ಈ ಕಥೆ ಹೇಳುವುದನ್ನು ಬಿಟ್ಟಿದ್ದೇನೆ. ರಾಮದುರ್ಗದ ಕಡೆ ಏನಾದರೂ ಕೆಲಸ ಬಂದರೆ, ದೂರವಾದರೂ, ಇಲ್ಲ ಎನ್ನದೆ ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರು ಒಳ್ಳೆಯ ಜನ, ಕೂತು ಪೂರ್ತಿ ಕೇಳುತ್ತಾರೆ. ಅವರ ಮಕ್ಕಳು ಯಾರೂ ನಮ್ಮಾಕೆಯ ಕ್ಲಾಸಿಗೆ ಬರುವುದಿಲ್ಲ.